ಅಲ್ಯೂಟ್ ಬೇಟೆಗಾರರ 9,000 ವರ್ಷ ಹಳೆಯ ಕಲ್ಲಿನ ಅಲಗುಗಳು: ಸ್ಕ್ಯಾನ್ ಮಾಡಿ ಇಡುವುದು ಅಂದರೆ ಏನೇನು ಇಡಬೇಕು?

ಪೀಣ್ಯ ಪ್ರಸಾದ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ನಾನು ಮಾಡುವುದು ತ್ರೀಡಿ ಸ್ಕ್ಯಾನಿಂಗ್ ಕೆಲಸ. ಕಾರ್ಖಾನೆಗಳಿಂದ ಬರುವ ಗೇರ್‌ಬಾಕ್ಸ್ ಕವರ್, ಪಂಪಿನ ಇಂಪೆಲ್ಲರ್ ಇಂಥವನ್ನು ಸ್ಕ್ಯಾನ್ ಮಾಡಿ ಡ್ರಾಯಿಂಗ್ ಜೊತೆ ತಾಳೆ ನೋಡುತ್ತೇವೆ. ಇದೇ ಯಂತ್ರಗಳನ್ನು ಈಗ ಮ್ಯೂಸಿಯಂಗಳಲ್ಲೂ ಬಳಸುತ್ತಾರೆ. ಅದರ ಬಗ್ಗೆ ಓದುತ್ತಾ ಅಲಾಸ್ಕಾದ ಅಲ್ಯೂಟ್ ಬೇಟೆಗಾರರ ಕಲ್ಲಿನ ಉಪಕರಣಗಳಿಗೆ ಬಂದು ನಿಂತೆ. ಅಲ್ಲಿಂದ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಜಾಗ ಮೊದಲು. ಅಲಾಸ್ಕಾದ ಬಾಲದಿಂದ ರಷ್ಯಾದ ಕಮ್ಚಾಟ್ಕಾ ಕಡೆಗೆ ಸುಮಾರು 1,900 ಕಿ.ಮೀ. ಉದ್ದಕ್ಕೆ ಅಲ್ಯೂಷಿಯನ್ ದ್ವೀಪಸಾಲು ಇದೆ. ಅಲ್ಲಿಯ ಮೂಲನಿವಾಸಿಗಳನ್ನು ರಷ್ಯನ್ ತುಪ್ಪಳ ವ್ಯಾಪಾರಿಗಳು ಅಲ್ಯೂಟ್ ಅಂದರು, ಅವರು ತಮ್ಮನ್ನು ಉನಂಗನ್ ಅನ್ನುತ್ತಾರೆ. ಮರ ಬೆಳೆಯದ ದ್ವೀಪಗಳು. ಮನೆಗೂ ದೋಣಿಗೂ ಬೇಕಾದ ಮರವೆಲ್ಲ ಸಮುದ್ರದಲ್ಲಿ ತೇಲಿ ಬರಬೇಕು. ಊಟ, ಬಟ್ಟೆ, ದೀಪದ ಎಣ್ಣೆ ಎಲ್ಲಕ್ಕೂ ಸೀಲ್, ಕಡಲ ಸಿಂಹ, ಕಡಲ ನೀರುನಾಯಿ, ತಿಮಿಂಗಿಲ, ಮೀನು, ಹಕ್ಕಿ.

ಈ ಸಾಲಿನಲ್ಲಿ ಉಮ್ನಾಕ್ ಅಂತ ಒಂದು ದ್ವೀಪ. ಅದರಲ್ಲಿ ನಿಕೋಲ್ಸ್ಕಿ ಅನ್ನುವ ಹಳ್ಳಿ. ಹಳ್ಳಿಯ ಎದುರಿಗೆ ಸಮುದ್ರದಲ್ಲಿ ಅನಂಗುಲ ಅನ್ನುವ ಪುಟ್ಟ ದ್ವೀಪ. 1938ರಲ್ಲಿ ವಿಲಿಯಂ ಲಾಫ್ಲಿನ್, ಆಗ ಅವರಿನ್ನೂ ವಿದ್ಯಾರ್ಥಿ, ಅಲ್ಲಿ ಕಲ್ಲಿನ ಅಲಗುಗಳನ್ನು ಕಂಡರು. ಮುಂದೆ ಪ್ರಾಧ್ಯಾಪಕರಾದ ಮೇಲೂ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಗೆದರು. ಜ್ವಾಲಾಮುಖಿ ಬೂದಿಯ ಪದರದ ಕೆಳಗಿನ ಆ ನೆಲೆಯ ವಯಸ್ಸು ಸುಮಾರು 9,000 ವರ್ಷ ಅಂತ ಇಂಗಾಲದ ಲೆಕ್ಕದಿಂದ ಗೊತ್ತಾಯಿತು. 1974ರಲ್ಲಿ, ಶೀತಲ ಸಮರದ ನಡುವೆಯೇ, ಪುರಾತತ್ವಜ್ಞ ಒಕ್ಲಾದ್ನಿಕೋವ್ ನೇತೃತ್ವದ ಸೋವಿಯತ್ ತಂಡವೂ ಅಮೆರಿಕನ್ನರ ಜೊತೆ ಕೂತು ಅಲ್ಲಿ ಅಗೆಯಿತು. ಅದೇ ಒಂದು ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಅನಂಗುಲದ ಮಣ್ಣು ಹುಳಿ. ಎಲುಬು, ಚರ್ಮ, ಮರ ಯಾವುದನ್ನೂ ಉಳಿಸಿಲ್ಲ. ಅಷ್ಟು ಜನ ಬದುಕಿದ ಜಾಗದಲ್ಲಿ ನಮಗೆ ಸಿಗುವುದು ಕಲ್ಲು ಮಾತ್ರ. ಅಲಗುಗಳು, ಅವನ್ನು ಎಬ್ಬಿಸಿದ ಮೂಲಗಲ್ಲುಗಳು, ಚಕ್ಕೆಗಳು, ಕಲ್ಲಿನ ದೀಪ, ಉಜ್ಜುಗಲ್ಲು. ಬೇಟೆಯಾಡಲು ದೊಡ್ಡ ನೆಲಪ್ರಾಣಿ ಇಲ್ಲದ ದ್ವೀಪ. ಹಾಗಾಗಿ ಇವರು ಕಡಲ ಬೇಟೆಯವರು, ದೋಣಿ ಇದ್ದೇ ಇತ್ತು ಅಂತ ಹೇಳುತ್ತಾರೆ. ಆ ದೋಣಿಯ ಒಂದು ಚೂರೂ ಸಿಕ್ಕಿಲ್ಲ.

ಅಲಗು ಎಬ್ಬಿಸುವ ಕೈಚಳಕ ಹೇಳಲೇಬೇಕು. ಕಬ್ಬಿನ ಸಿಪ್ಪೆ ಸುಲಿದ ಹಾಗೆ ಒಂದೇ ಮೂಲಗಲ್ಲಿನಿಂದ ಉದ್ದುದ್ದ ಪಟ್ಟಿಗಳನ್ನು ಸಾಲಾಗಿ ಹೊಡೆದು ಎಬ್ಬಿಸುತ್ತಾರೆ. ಅಂಥ ಅಲಗನ್ನು ಓರೆ ಬೆಳಕಿನಲ್ಲಿ ನೋಡಿದರೆ ಏಟು ಬಿದ್ದ ತುದಿಯಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಅಲ್ಲಿಂದ ಕೆಳಕ್ಕೆ ಅಲೆ ಅಲೆಯಾಗಿ ಗೆರೆಗಳು. ಬೆನ್ನ ಮೇಲೆ ಒಂದೋ ಎರಡೋ ಏಣು. ಆ ಏಣುಗಳು ಇದಕ್ಕೂ ಮೊದಲು ಎದ್ದುಹೋದ ಅಲಗುಗಳ ಗುರುತು. ಅಂಚನ್ನು ಒಂದೇ ಮಗ್ಗುಲಿನಿಂದ ಸಣ್ಣಸಣ್ಣದಾಗಿ ತಟ್ಟಿ ಹದ ಮಾಡಿರುತ್ತಾರೆ, ಅನಂಗುಲದ ಗುರುತೇ ಅದು. ಯಾವ ಕಡೆಯಿಂದ ಹೊಡೆದರು, ಯಾವುದು ಮೊದಲು ಎದ್ದಿತು ಅಂತ ಓದಬಹುದು. ಸ್ಕ್ಯಾನರ್ ಹಿಡಿಯಬೇಕಾದದ್ದು ಇವನ್ನು. ಬರೀ ಆಕಾರ ಹಿಡಿದರೆ ಸಾಲದು.

ನನ್ನ ಪ್ರಶ್ನೆ ಇಲ್ಲಿ ಶುರು. ಇವುಗಳಲ್ಲಿ ಕೆಲವು ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿ ಗಾಜು. ಉಮ್ನಾಕ್‌ನಲ್ಲೇ ಒಕ್ಮೋಕ್ ಅನ್ನುವ ಜ್ವಾಲಾಮುಖಿ ಇದೆ, ಗಾಜು ಅಲ್ಲಿಯದು. ಕಪ್ಪು, ಹೊಳಪು, ತೆಳು ಅಂಚಿನಲ್ಲಿ ಬೆಳಕು ಒಳಗೇ ಹೊಕ್ಕುಬಿಡುತ್ತದೆ. ಸ್ಕ್ಯಾನರಿಗೆ ಇದಕ್ಕಿಂತ ಕೆಟ್ಟ ಗಿರಾಕಿ ಇಲ್ಲ. ನಮ್ಮಲ್ಲಿ ಹೊಳೆಯುವ ಭಾಗ ಬಂದರೆ ಬಿಳಿ ಪುಡಿಯ ಸ್ಪ್ರೇ ಹೊಡೆದು, ಸ್ಕ್ಯಾನ್ ಮಾಡಿ, ಬಟ್ಟೆಯಲ್ಲಿ ಒರೆಸಿ ವಾಪಸ್ ಕಳಿಸುತ್ತೇವೆ. ಅಲಗಿಗೆ ಹಾಗೆ ಮಾಡಿದರೆ ಅಂಚಿನಲ್ಲಿ ಅಂಟಿಕೊಂಡಿರಬಹುದಾದ ಕೆಮ್ಮಣ್ಣು, ಕೊಬ್ಬಿನ ಜಿಡ್ಡು ಎಲ್ಲ ಬಟ್ಟೆಗೆ ಬರುತ್ತದೆ. ಸ್ಕ್ಯಾನ್ ಸಿಕ್ಕಿತು, ಸಾಕ್ಷಿ ಹೋಯಿತು.

ಇನ್ನೊಂದು: ಫೈಲ್ ಉಳಿಸಿದರೆ ಉಪಕರಣ ಉಳಿಸಿದಂತೆ ಅಂತ ಎಲ್ಲ ಕಡೆ ಬರೆಯುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಕಲ್ಲಿನ ಜೊತೆ ಒಂದು ಚೀಟಿ ಇರುತ್ತದಲ್ಲ, ಯಾವ ಜಾಗ, ಯಾವ ಪದರ, ಪಕ್ಕದಲ್ಲಿ ಏನಿತ್ತು, ಯಾರು ಎತ್ತಿದರು ಅಂತ. ಆ ಚೀಟಿ ಇಲ್ಲದ ತ್ರೀಡಿ ಮಾಡೆಲ್ ಬರೀ ಅಂದದ ಕಲ್ಲು. ನೀವೇನಂತೀರಿ?

ಸುಮ್ನೆ ಕೇಳ್ದೆ

ಪ್ರಸಾದ್ ಸರ್, ಒಳ್ಳೆಯ ಬರಹ. ದಡ್ಡ ಪ್ರಶ್ನೆ: ನಾಲ್ಕು ಕಡೆಯಿಂದ ಒಳ್ಳೆಯ ಫೋಟೋ ತೆಗೆದು ಇಟ್ಟರೆ ಸಾಲದಾ? ಕಲ್ಲೇ 9,000 ವರ್ಷ ಬಾಳಿದೆ, ನನ್ನ ಹಾರ್ಡ್‌ಡಿಸ್ಕ್ ಐದು ವರ್ಷ ಬಾಳಲಿಲ್ಲ. ಯಾವುದು ಯಾವುದನ್ನು ಕಾಪಾಡಬೇಕು ಅಂತ!

ಧಾರವಾಡ ದೀಪಾ

ದಡ್ಡ ಪ್ರಶ್ನೆ ಏನಲ್ಲ. ನಾನು ಪುರಾತತ್ವ ಎಂ.ಎ. ಓದುತ್ತಿದ್ದೇನೆ, ನಮ್ಮಲ್ಲೂ ಇದೇ ವಾದ ನಡೆಯುತ್ತದೆ. ಫೋಟೋದಲ್ಲಿ ಬೆಳಕು ಒಂದೇ ದಿಕ್ಕಿನಿಂದ ಬಿದ್ದಿರುತ್ತದೆ. ಅಲೆಗೆರೆ ಒಂದು ಬೆಳಕಿಗೆ ಕಾಣುತ್ತದೆ, ಇನ್ನೊಂದಕ್ಕೆ ಮಾಯ. ಅದಕ್ಕೇ ಇವತ್ತಿಗೂ ಕೈಯಲ್ಲಿ ಚಿತ್ರ ಬರೆಸುತ್ತಾರೆ. ಚಿತ್ರ ಬರೆಯುವವರು ಪ್ರತಿ ಚಕ್ಕೆಯ ಗುರುತನ್ನು ನೋಡಿ, ಯಾವುದು ಮೊದಲು ಯಾವುದು ಆಮೇಲೆ ಅಂತ ತೀರ್ಮಾನ ಮಾಡಿ ಗೆರೆ ಎಳೆಯುತ್ತಾರೆ. ಸ್ಕ್ಯಾನರ್ ತೀರ್ಮಾನ ಮಾಡುವುದಿಲ್ಲ, ಇದ್ದದ್ದನ್ನೆಲ್ಲ ತುಂಬಿಕೊಳ್ಳುತ್ತದೆ. ಆದ್ದರಿಂದ ನನ್ನ ಪ್ರಕಾರ ಎರಡೂ ಬೇಕು. ಮಾಡೆಲ್ ಪಕ್ಕದಲ್ಲಿ ಹಳೆಯ ಚಿತ್ರವನ್ನೂ ಇಡಬೇಕು.

ಫೋಟೋ ಮತ್ತು ತ್ರೀಡಿ ನಡುವಿನ ಒಂದು ದಾರಿಯೂ ಇದೆ. ಕ್ಯಾಮೆರಾ ಅಲ್ಲಾಡಿಸದೆ ದೀಪವನ್ನು ಮಾತ್ರ ಸುತ್ತ ಸರಿಸುತ್ತಾ ಹತ್ತಾರು ಫೋಟೋ ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆ ತಿರುಗಿಸಿ ನೋಡಬಹುದು. ಆರ್‌ಟಿಐ ಅಂತಾರೆ, ಮಾಹಿತಿ ಹಕ್ಕಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ಕಲ್ಲಿನ ಅಲಗಿಗೆ ಹೇಳಿ ಮಾಡಿಸಿದ ಹಾಗಿದೆ. ಖರ್ಚೂ ಕಡಿಮೆ.

ಇನ್ನೊಂದು ಮಾತು. ಬಳಸಿ ಸವೆದ ಅಂಚಿನ ಹೊಳಪನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಚರ್ಮ ಹೆರೆದದ್ದಾ, ಎಲುಬು ಕೊರೆದದ್ದಾ ಅಂತ ಅದರಿಂದ ಊಹಿಸುತ್ತಾರೆ. ಸಾಮಾನ್ಯ ಸ್ಕ್ಯಾನಿಗೆ ಅದು ಸಿಗುವುದೇ ಇಲ್ಲ. ಹಾಗಾಗಿ ಸ್ಕ್ಯಾನ್ ಇದೆ, ಇನ್ನು ಕಲ್ಲು ಯಾಕೆ ಅಂತ ಯಾರಾದರೂ ಅಂದರೆ ಅವರನ್ನು ನಂಬಬೇಡಿ.

ಪೀಣ್ಯ ಪ್ರಸಾದ್

ದೀಪಾ ಅವರೇ, ಕೊನೆಯ ಮಾತಿಗೆ ನನ್ನದೊಂದು ಓಟು.

ಹೊಳಪಿನ ವಿಷಯಕ್ಕೆ ಮೂರು ದಾರಿ ಓದಿದ್ದೇನೆ. ಒಂದು, ಸೈಕ್ಲೋಡೋಡೆಕೇನ್ ಅನ್ನುವ ಮೇಣದಂಥ ವಸ್ತುವಿನ ಸ್ಪ್ರೇ. ತೆಳುವಾಗಿ ಬಿಳಿ ಪದರ ಕೂರುತ್ತದೆ, ಒರೆಸುವ ಕೆಲಸ ಇಲ್ಲ, ತಾನಾಗಿಯೇ ಆವಿಯಾಗಿ ಹೋಗುತ್ತದೆ. ಆದರೆ ಮುಂದೆ ಜಿಡ್ಡಿನ ಪರೀಕ್ಷೆ ಮಾಡಬೇಕು ಅಂದರೆ ಅದನ್ನೂ ಹೊಡೆಯದೆ ಇರುವುದೇ ಮೇಲು. ಎರಡು, ದೀಪಕ್ಕೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರ್ ಹಾಕಿ ಒಂದಕ್ಕೊಂದು ಅಡ್ಡ ತಿರುಗಿಸಿ ಸುತ್ತಲಿನಿಂದ ಫೋಟೋ ತೆಗೆದು, ಸಾಫ್ಟ್‌ವೇರಿನಲ್ಲಿ ಅವನ್ನು ಕೂಡಿಸಿ ತ್ರೀಡಿ ಮಾಡೆಲ್ ಮಾಡುವುದು. ಹೊಳಪು ಸತ್ತುಹೋಗುತ್ತದೆ, ಕಲ್ಲಿನ ಮೈ ಮಾತ್ರ ಉಳಿಯುತ್ತದೆ. ಆದರೆ ಅಪ್ಪಟ ಕಪ್ಪು ಗಾಜಿನಲ್ಲಿ ಹೊಳಪು ತೆಗೆದರೆ ಸಾಫ್ಟ್‌ವೇರಿಗೆ ಹಿಡಿಯಲು ಗುರುತೇ ಉಳಿಯುವುದಿಲ್ಲ, ಆ ತಲೆನೋವು ಬೇರೆ.

ಮೂರು, ಸಿಟಿ ಸ್ಕ್ಯಾನ್. ಎಕ್ಸ್‌ರೇಗೆ ಹೊಳಪು, ಕಪ್ಪು ಯಾವುದೂ ಲೆಕ್ಕಕ್ಕಿಲ್ಲ. ಜರ್ಮನಿಯಲ್ಲಿ ಸಣ್ಣ ಸಣ್ಣ ಕಲ್ಲಿನ ಉಪಕರಣಗಳನ್ನು ಥರ್ಮಾಕೋಲಿನಲ್ಲಿ ಸಾಲಾಗಿ ಜೋಡಿಸಿ ಒಟ್ಟಿಗೆ ಸಿಟಿ ಮಾಡುವ ಪದ್ಧತಿ ಬಂದಿದೆ. ಅನಂಗುಲದಂಥ ಜಾಗದಲ್ಲಿ ಸಾವಿರಗಟ್ಟಲೆ ಚಕ್ಕೆ ಇದ್ದಾಗ ಒಂದೊಂದನ್ನೇ ಟರ್ನ್‌ಟೇಬಲ್ ಮೇಲೆ ಕೂರಿಸುತ್ತಾ ಹೋದರೆ ಆಯಸ್ಸು ಸಾಲದು. ಸಿಟಿಯಲ್ಲಿ ಬಣ್ಣ ಬರುವುದಿಲ್ಲ ಅನ್ನುವುದೊಂದೇ ಕೊರತೆ. ಕೆಮ್ಮಣ್ಣು ಮೆತ್ತಿಕೊಂಡ ಉಜ್ಜುಗಲ್ಲಿಗೆ ಹಾಗಾಗಿ ಅದು ಆಗದು.

ತೆಳು ಅಂಚು ಕೂಡ ಕಾಟ ಕೊಡುತ್ತದೆ. ಮೇಲಿನ ಮೈ ಒಂದು ಸಲ, ಕೆಳಗಿನ ಮೈ ಒಂದು ಸಲ ಹಿಡಿದು ಎರಡನ್ನೂ ಸೇರಿಸುವಾಗ ಕೂದಲೆಳೆಯಷ್ಟು ಜರುಗಿದರೂ ಅಂಚು ದಪ್ಪ ಆಗುತ್ತದೆ ಅಥವಾ ಹಲ್ಲು ಹಲ್ಲಾಗುತ್ತದೆ. ಅಲಗಿನಲ್ಲಿ ಅಂಚೇ ಅಲ್ವಾ ಮುಖ್ಯ? ನಾವು ಕಾರ್ಖಾನೆಯಲ್ಲಿ ಇದನ್ನು ಸಾಫ್ಟ್‌ವೇರಿನಲ್ಲಿ ನಯ ಮಾಡಿಬಿಡುತ್ತೇವೆ. ಇಲ್ಲಿ ನಯ ಮಾಡಿದರೆ 9,000 ವರ್ಷ ಹಿಂದಿನವರ ಕೈಕೆಲಸದ ಮೇಲೆ ನಮ್ಮ ಕೈ ಆಡಿಸಿದಂತೆ.

ಮೈಸೂರು ಮಂಜುಳಾ

ಲೈಬ್ರರಿಯಲ್ಲಿ ಡಿಜಿಟಲ್ ಸಂಗ್ರಹ ನೋಡಿಕೊಳ್ಳುವವಳು ನಾನು. ಹಾರ್ಡ್‌ಡಿಸ್ಕ್ ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಲೇಬೇಕು.

ಕಲ್ಲು ಬಾಳುತ್ತದೆ, ನಿಜ. ಬಾಳದೇ ಇರುವುದು ಪ್ರಸಾದ್ ಹೇಳಿದ ಚೀಟಿ. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಸುಟ್ಟುಹೋಯಿತು. ಅಂಥ ಬೆಂಕಿಯಲ್ಲಿ ಕಲ್ಲಿನ ಎಷ್ಟೋ ವಸ್ತು ಬೂದಿಯಿಂದ ಎದ್ದು ಬರಬಹುದು, ಅವುಗಳ ನೋಂದಣಿ ಪುಸ್ತಕ ಎದ್ದು ಬರುವುದಿಲ್ಲ. ಬೆಂಕಿಯೇ ಬೇಕಿಲ್ಲ, ಡಬ್ಬಿಯೊಳಗಿನ ಅಂಟು ಒಣಗಿ ಚೀಟಿ ಬಿದ್ದುಹೋದರೂ ಸಾಕು.

ಅನಂಗುಲದ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಲಾಫ್ಲಿನ್ ಕೆಲಸ ಮಾಡಿದ್ದು ಆರೆಗಾನ್, ವಿಸ್ಕಾನ್ಸಿನ್, ಕನೆಕ್ಟಿಕಟ್ ವಿಶ್ವವಿದ್ಯಾಲಯಗಳಲ್ಲಿ. ಅವರಿಗಿಂತ ಮೊದಲು 1909-10ರಲ್ಲಿ ಯೋಖೆಲ್ಸನ್ ರಷ್ಯಾದಿಂದ ಬಂದು ಈ ದ್ವೀಪಗಳಲ್ಲಿ ಅಗೆದರು. 1930ರ ದಶಕದಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆಯ ಹರ್ಡ್ಲಿಚ್ಕಾ ಬಂದರು. ಇದೇ ದ್ವೀಪಸಾಲಿನ ಉನಲಾಸ್ಕಾದಲ್ಲಿ ಅಲ್ಯೂಷಿಯನ್ ಮ್ಯೂಸಿಯಂ ಬಾಗಿಲು ತೆರೆದದ್ದು 1999ರಲ್ಲಿ. ಅಲ್ಲಿಯತನಕ ಅಗೆದವರು ಅಗೆದದ್ದನ್ನು ತಮ್ಮ ತಮ್ಮ ಊರಿಗೆ ಒಯ್ದರು. ಕಲ್ಲು ಒಂದು ಕಡೆ, ಡೈರಿ ಇನ್ನೊಂದು ಕಡೆ, ಫೋಟೋ ಮೂರನೇ ಕಡೆ ಆಗುವುದು ಇಂಥಲ್ಲೇ. ಡಿಜಿಟಲ್ ಕೆಲಸದ ನಿಜವಾದ ಲಾಭ ಇವನ್ನು ಒಂದೇ ಪರದೆಯ ಮೇಲೆ ಕೂಡಿಸುವುದು. ಸ್ಕ್ಯಾನರ್ ಕೊಳ್ಳುವ ಮೊದಲು ಡೈರಿ ಪುಟಗಳನ್ನು ಚಿತ್ರ ತೆಗೆಯಿರಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ. ಕೇಳುವವರು ಕಡಿಮೆ, ಡೈರಿಯನ್ನು ತಿರುಗಿಸಿ ತೋರಿಸಲು ಆಗುವುದಿಲ್ಲವಲ್ಲ.

ಫೈಲ್ ಬಗ್ಗೆ: ಸ್ಕ್ಯಾನರ್ ಕಂಪನಿಯ ಸ್ವಂತ ಫಾರ್ಮ್ಯಾಟಿನಲ್ಲಿ ಮಾತ್ರ ಇಡಬೇಡಿ. ಪಿಎಲ್‌ವೈ ಅಥವಾ ಒಬಿಜೆಯಲ್ಲಿ ಒಂದು ಪ್ರತಿ ಇರಲಿ, ಅವನ್ನು ಹೆಚ್ಚಿನ ತ್ರೀಡಿ ಸಾಫ್ಟ್‌ವೇರ್‌ಗಳು ತೆರೆಯುತ್ತವೆ. ಮೂಲ ಫೋಟೋಗಳನ್ನು ಎಸೆಯಬೇಡಿ. ನಾಳೆ ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬಂದರೆ ಅದೇ ಫೋಟೋದಿಂದ ಇನ್ನೂ ಒಳ್ಳೆಯ ಮಾಡೆಲ್ ಬರುತ್ತದೆ. ಮೂರು ಪ್ರತಿ, ಬೇರೆ ಬೇರೆ ಊರಿನಲ್ಲಿ.

ಕೋಡ್ ಕಿರಣ

ಇಷ್ಟೆಲ್ಲ ತಲೆಬಿಸಿ ಯಾಕೆ? ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಇಳಿಸಿಕೊಳ್ಳಲಿ. ನೂರು ಜನರ ಹತ್ತಿರ ಪ್ರತಿ ಇದ್ದರೆ ಅದಕ್ಕಿಂತ ಒಳ್ಳೆಯ ಬ್ಯಾಕಪ್ ಇಲ್ಲ. ಸ್ಮಿತ್ಸೋನಿಯನ್ 2020ರಲ್ಲಿ 28 ಲಕ್ಷ ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ಎಲ್ಲರೂ ಅದನ್ನೇ ಮಾಡಲಿ.

ಮೈಸೂರು ಮಂಜುಳಾ

ಕಿರಣ್, ಎಲ್ಲವನ್ನೂ ಅಂದರೆ ಅಗೆದ ಜಾಗದ ಅಕ್ಷಾಂಶ ರೇಖಾಂಶವನ್ನೂ? ಕಾವಲು ಇಲ್ಲದ ದ್ವೀಪಗಳು ಅವು. ಹಳೆಯ ವಸ್ತು ಕದ್ದು ಮಾರುವವರಿಗೆ ನಾವೇ ನಕ್ಷೆ ಬರೆದುಕೊಟ್ಟಂತೆ ಆಗುತ್ತದೆ.

ಕೋಡ್ ಕಿರಣ

ಜಾಗದ ಗುರುತು ಮುಚ್ಚಿಡಿ, ಒಪ್ಪುತ್ತೇನೆ. ಮಾಡೆಲ್? ಆ ಅಲಗು ಮಾಡಿದವನು ಹೋಗಿ 9,000 ವರ್ಷ ಆಯಿತು. ಯಾರ ಅನುಮತಿ ಕೇಳುವುದು? ಸಮುದಾಯದ ಹೆಸರು ಹೇಳಿಕೊಂಡು ಮ್ಯೂಸಿಯಂಗಳೇ ಡೇಟಾ ಮೇಲೆ ಕೂತುಬಿಡುವುದನ್ನು ನೋಡಿದ್ದೇನೆ. ಹೊರಗಿನವರಿಗೂ ಕೊಡುವುದಿಲ್ಲ, ಆ ಸಮುದಾಯಕ್ಕೂ ಕೊಡುವುದಿಲ್ಲ.

ಸಿಯಾಟಲ್ ಸೀನು

ಕಿರಣ್ ಹೇಳಿದ ಕೊನೆಯ ಮಾತಿನಲ್ಲಿ ಹುರುಳಿದೆ. ಆದರೆ ಯಾರ ಅನುಮತಿ ಅನ್ನುವುದಕ್ಕೆ ಉತ್ತರ ಸುಲಭ: ಅಲ್ಲಿ ಇವತ್ತೂ ಜನ ಇದ್ದಾರೆ.

ನಾನಿರುವುದು ಸಿಯಾಟಲ್‌ನಲ್ಲಿ. ಇಲ್ಲಿಯ ಮೀನುಗಾರಿಕೆ ಹಡಗುಗಳು ಉನಲಾಸ್ಕಾದ ಡಚ್ ಹಾರ್ಬರಿಗೆ ಹೋಗಿ ಬರುತ್ತವೆ, ಹಾಗಾಗಿ ಆ ಕಡೆಯ ಸುದ್ದಿ ಕಿವಿಗೆ ಬೀಳುತ್ತಿರುತ್ತದೆ. ನಿಕೋಲ್ಸ್ಕಿಯಲ್ಲಿ 2010ರ ಜನಗಣತಿಯಲ್ಲಿ ಇದ್ದದ್ದು 18 ಜನ. ಆ ಹಳ್ಳಿ ಇರುವುದೇ ಚಲುಕ ಅನ್ನುವ ಹಳೆಯ ದಿಬ್ಬದ ಮಗ್ಗುಲಲ್ಲಿ. ಸುಮಾರು 4,000 ವರ್ಷದಿಂದ ಜನ ತಿಂದು ಎಸೆದ ಚಿಪ್ಪು, ಎಲುಬು, ಮುರಿದ ಉಪಕರಣ ಎಲ್ಲ ಸೇರಿ ಬೆಳೆದ ತಿಪ್ಪೆ ಅದು. ಚಿಪ್ಪಿನ ಸುಣ್ಣದಿಂದಾಗಿ ಅಲ್ಲಿ ಎಲುಬೂ ಉಳಿದಿದೆ. ಎದುರಿನ ಅನಂಗುಲದಲ್ಲಿ ಇಲ್ಲದ್ದು ಇಲ್ಲಿದೆ.

ಈ ಜನ ಏನೇನು ಕಂಡರು ಅಂತ ಸ್ವಲ್ಪ ಕೇಳಿ. 1741ರ ಬೇರಿಂಗ್ ಯಾನದ ಹಿಂದೆಯೇ ತುಪ್ಪಳದ ಆಸೆಗೆ ರಷ್ಯನ್ನರು ಬಂದರು. ಬಲವಂತದ ದುಡಿಮೆ, ರೋಗ, ಕೊಲೆ, ಜನಸಂಖ್ಯೆ ಕುಸಿದೇ ಹೋಯಿತು. 1867ರಲ್ಲಿ ಅಲಾಸ್ಕಾ 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಾಟವಾಯಿತು, ಇವರನ್ನು ಕೇಳಿದವರಿಲ್ಲ. 1942ರ ಜೂನಿನಲ್ಲಿ ಜಪಾನ್ ಡಚ್ ಹಾರ್ಬರಿಗೆ ಬಾಂಬ್ ಹಾಕಿತು. ಆಮೇಲೆ ಅಮೆರಿಕ ಸರ್ಕಾರ 881 ಉನಂಗನ್ನರನ್ನು ಆಗ್ನೇಯ ಅಲಾಸ್ಕಾದ ಪಾಳು ಕಾರ್ಖಾನೆ ಶೆಡ್ಡುಗಳಿಗೆ, ಶಿಬಿರಗಳಿಗೆ ಸಾಗಿಸಿತು. ಹತ್ತರಲ್ಲಿ ಒಬ್ಬರು ಅಲ್ಲೇ ತೀರಿಕೊಂಡರು. ಯುದ್ಧದ ಕಾಲದಲ್ಲಿ ದ್ವೀಪಗಳಲ್ಲಿದ್ದ ಸೈನಿಕರು ದಿಬ್ಬ ಅಗೆದು ಸಿಕ್ಕಿದ್ದನ್ನು ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡದ್ದೂ ಉಂಟು. ಹರ್ಡ್ಲಿಚ್ಕಾ ಅಂತೂ ಕಗಾಮಿಲ್ ದ್ವೀಪದ ಗುಹೆಯಿಂದ ಅವರ ಹಿರಿಯರ ದೇಹಗಳನ್ನೇ ಹೊತ್ತುಕೊಂಡು ಹೋದರು. ಇಷ್ಟಾದ ಮೇಲೆ ಹೊರಗಿನವರು ಬಂದು ಒಂದು ಫೈಲ್ ತಾನೇ, ಹಾಕಿಬಿಡುತ್ತೇವೆ ಅಂದರೆ ಅವರಿಗೆ ಹೇಗನಿಸಬೇಕು?

ಕೋಡ್ ಕಿರಣ

ಸೀನು ಅಣ್ಣ, ಇತಿಹಾಸ ಗೊತ್ತಿರಲಿಲ್ಲ, ಬರೆದದ್ದಕ್ಕೆ ಥ್ಯಾಂಕ್ಸ್. ಆದರೂ ಅಲಗು ಬೇರೆ, ಹಿರಿಯರ ದೇಹ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೈಸೂರು ಮಂಜುಳಾ

ಅಮೆರಿಕದ ಕಾನೂನೂ ಹಾಗೇ ಬೇರೆ ಮಾಡುತ್ತದೆ ಕಿರಣ್. 1990ರ ಕಾಯ್ದೆ ಪ್ರಕಾರ ಮೂಲನಿವಾಸಿಗಳ ಅಸ್ಥಿ, ಸಮಾಧಿಯಲ್ಲಿಟ್ಟ ವಸ್ತು, ಪವಿತ್ರ ವಸ್ತುಗಳನ್ನು ವಾಪಸ್ ಕೊಡಬೇಕು. 2024ರ ಜನವರಿಯಿಂದ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ ಅಂಥವನ್ನು ಪ್ರದರ್ಶನಕ್ಕಿಡಲು, ಸಂಶೋಧನೆಗೆ ಕೊಡಲು ಮೊದಲೇ ಒಪ್ಪಿಗೆ ಬೇಕು. ತಿಪ್ಪೆಯಲ್ಲಿ ಸಿಕ್ಕ ಮಾಮೂಲಿ ಅಲಗು ಇದರ ಹಿಡಿತಕ್ಕೆ ಬರದೇ ಇರಬಹುದು. ಆದರೆ ಆ ಕಲ್ಲು ಸಮಾಧಿಯದ್ದಾ ತಿಪ್ಪೆಯದ್ದಾ ಅಂತ ಹೇಳುವುದು ಯಾವುದು? ಮತ್ತೆ ಅದೇ ಚೀಟಿ.

ಓಪನ್ ಅನ್ನುವ ಆದರ್ಶಕ್ಕೆ ಜೊತೆಯಾಗಿ 2019ರಲ್ಲಿ ಮೂಲನಿವಾಸಿ ಸಮುದಾಯಗಳೇ ಕೇರ್ ಅನ್ನುವ ತತ್ವಗಳನ್ನು ಮುಂದಿಟ್ಟವು. ಡೇಟಾದಿಂದ ಸಮುದಾಯಕ್ಕೆ ಒಳ್ಳೆಯದಾಗಬೇಕು, ಅದರ ಮೇಲೆ ಅವರಿಗೆ ಹಕ್ಕಿರಬೇಕು ಅನ್ನುವುದು ತಿರುಳು. ಲೋಕಲ್ ಕಾಂಟೆಕ್ಸ್ಟ್ಸ್ ಅನ್ನುವ ಸಂಸ್ಥೆ ಫೈಲಿಗೆ ಅಂಟಿಸುವ ಲೇಬಲ್‌ಗಳನ್ನೇ ಮಾಡಿದೆ: ಇದು ಈ ಸಮುದಾಯದ್ದು, ವ್ಯಾಪಾರಕ್ಕೆ ಬಳಸಬೇಡಿ, ಇಂಥ ಕಾಲದಲ್ಲಿ ಮಾತ್ರ ನೋಡಿ, ಹೀಗೆ. ಬೀಗ ಹಾಕುವುದಲ್ಲ, ಮನೆಯವರು ಯಾರು ಅಂತ ಬಾಗಿಲ ಮೇಲೆ ಬರೆಯುವುದು.

ಮ್ಯೂಸಿಯಂ ಡೇಟಾ ಮೇಲೆ ಕೂರುವ ವಿಷಯದಲ್ಲಿ ನಾನೂ ನಿಮ್ಮ ಕಡೆಗೇ.

ಗ್ರಂಧಿಗೆ ಗಿರಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಅಲ್ಯೂಟರು ತಿಮಿಂಗಿಲ ಬೇಟೆಗೆ ವಿಷ ಹಚ್ಚುತ್ತಿದ್ದರು ಅಂತ ಎಲ್ಲೋ ಓದಿದ್ದೆ. ನಮ್ಮ ಅಂಗಡಿಯಲ್ಲಿ ಸಿಗುವ ವತ್ಸನಾಭಿಯಂತೆ, ಹೌದಾ?

ಪೀಣ್ಯ ಪ್ರಸಾದ್

ಹೌದು ಗಿರಿಯವರೇ, ಅದೇ ಕುಲದ ಗಿಡ, ಅಲ್ಲಿಯ ಜಾತಿ ಬೇರೆ. ಬೇರು ಅರೆದು ಕಲ್ಲಿನ ಈಟಿಮೊನೆಗೆ ಹಚ್ಚಿ, ಚರ್ಮದ ಪುಟ್ಟ ದೋಣಿಯಲ್ಲಿ ತಿಮಿಂಗಿಲದ ಹತ್ತಿರ ಹೋಗಿ ಎಸೆದು ದೂರ ಸರಿದುಬಿಡುವುದು. ಕೆಲ ದಿನಕ್ಕೆ ಪ್ರಾಣಿ ಸತ್ತು ದಡಕ್ಕೆ ತೇಲಿ ಬಂದರೆ ಊಟ, ಬರದಿದ್ದರೆ ಇಲ್ಲ. ರಷ್ಯನ್ನರು ಬಂದ ಮೇಲಿನ ಕಾಲದ ವಿವರಣೆಗಳಿವು. 9,000 ವರ್ಷ ಹಿಂದೆಯೂ ಹೀಗೇ ಇತ್ತು ಅಂತ ಅನಂಗುಲಕ್ಕೆ ಅಂಟಿಸುವಂತಿಲ್ಲ. ಈಟಿಮೊನೆಗಳನ್ನು ತೊಳೆಯದೆ, ಸ್ಪ್ರೇ ಹೊಡೆಯದೆ ಇಡಬೇಕು ಅಂತ ನಾನು ಹಟ ಹಿಡಿಯುವುದು ಇಂಥ ಕಾರಣಕ್ಕೇ.

ಬಳ್ಳಾರಿ ಬಸವರಾಜ

ನಮ್ಮ ಸಂಗನಕಲ್ಲಿನಲ್ಲಿ ನವಶಿಲಾಯುಗದ ಕಲ್ಲುಕೊಡಲಿ ಕಾರ್ಖಾನೆಯೇ ಇತ್ತು, ಸುತ್ತ ಗುಡ್ಡಗಳನ್ನು ಜಲ್ಲಿಗೆ ಒಡೆದರು. ಅದನ್ನೂ ಸ್ಕ್ಯಾನ್ ಮಾಡಬೇಕಲ್ರೀ ಪ್ರಸಾದ್ ಸರ್.

ಪೀಣ್ಯ ಪ್ರಸಾದ್

ಖಂಡಿತ ಬಸವರಾಜ್. ಅದಕ್ಕೆ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಸೇರಿಸಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಸುಮ್ನೆ ಕೇಳ್ದೆ

ಸರಿ, ಎಲ್ಲ ಮಾಡಿದಿರಿ ಅಂತಿಟ್ಟುಕೊಳ್ಳಿ. ಆ 18 ಜನ ಫೈಲ್ ಇಟ್ಟುಕೊಂಡು ಏನು ಮಾಡುತ್ತಾರೆ? ಇಂಟರ್ನೆಟ್ ಆದರೂ ಇದೆಯಾ ಅಲ್ಲಿ?

ಸಿಯಾಟಲ್ ಸೀನು

ಒಳ್ಳೆಯ ಪ್ರಶ್ನೆ. ಉನಲಾಸ್ಕಾ ಪಟ್ಟಣಕ್ಕೇ ಸಮುದ್ರದಡಿಯ ಫೈಬರ್ ಕೇಬಲ್ ಬಂದದ್ದು 2022ರ ಕೊನೆಗೆ. ಅಲ್ಲಿಯತನಕ ಉಪಗ್ರಹದ ನೆಟ್ಟು, ದುಬಾರಿ, ನಿಧಾನ. ಸಣ್ಣ ದ್ವೀಪಗಳ ಪಾಡು ಇನ್ನೂ ಕಷ್ಟ.

ಲೆಕ್ಕ ಹಾಕಿ ನೋಡಿ. ಒಂದು ಅಲಗಿಗೆ 150 ಫೋಟೋ, ಒಂದೊಂದು 25 ಎಂಬಿ ಅಂದರೆ ಹತ್ತಿರ ಹತ್ತಿರ 4 ಜಿಬಿ ಆಯಿತು. ಸಾವಿರ ಅಲಗಿಗೆ 4 ಟಿಬಿ. ಇದನ್ನು ಕ್ಲೌಡ್‌ನಲ್ಲಿಟ್ಟು ಲಿಂಕ್ ಕಳಿಸಿ ನಿಮ್ಮದನ್ನು ನಿಮಗೆ ಕೊಟ್ಟೆವು ಅಂದರೆ ಅದು ನಾಟಕ. ಹಾರ್ಡ್‌ಡಿಸ್ಕಿನಲ್ಲಿ ತುಂಬಿ, ಊರಿನ ಶಾಲೆಗೋ ಬುಡಕಟ್ಟು ಕಚೇರಿಗೋ ಕೈಯಾರೆ ಮುಟ್ಟಿಸಬೇಕು. ಮೊಬೈಲಿನಲ್ಲಿ ತೆರೆಯುವ ಹಗುರ ಪ್ರತಿ ಬೇರೆ ಮಾಡಿಕೊಡಬೇಕು.

ಏನು ಮಾಡುತ್ತಾರೆ ಅಂದಿರಿ. ಉನಲಾಸ್ಕಾದಲ್ಲಿ ಪ್ರತಿ ಬೇಸಿಗೆ ಮಕ್ಕಳಿಗೆ ಶಿಬಿರ ನಡೆಯುತ್ತದೆ. ಸೀಲ್ ಕೊಯ್ಯುವುದು, ಬಾಗಿಸಿದ ಮರದ ಬೇಟೆ ಟೋಪಿ ಮಾಡುವುದು, ಹಾಡು ಕುಣಿತ ಎಲ್ಲ ಹಿರಿಯರೇ ಕಲಿಸುತ್ತಾರೆ. ಅಂಥ ಕಡೆ ಪ್ರಿಂಟ್ ಮಾಡಿದ ಕಲ್ಲಿನ ದೀಪ, ಉಲು ಅನ್ನುವ ಹೆಂಗಸರ ಅರ್ಧಚಂದ್ರ ಚಾಕು, ಮಕ್ಕಳ ಕೈಗೆ ಕೊಡಬಹುದಲ್ವಾ? ಗಾಜಿನ ಪೆಟ್ಟಿಗೆಯಲ್ಲಿರುವ ಮೂಲವನ್ನು ಮುಟ್ಟಲು ಯಾರೂ ಬಿಡುವುದಿಲ್ಲ. ಅಲಾಸ್ಕಾದವರೇ ಆದ ಟ್ಲಿಂಗಿಟ್ ಜನರ ಉದಾಹರಣೆ ಇದೆ. ಅವರ ಕುಲದ ತಿಮಿಂಗಿಲ ಟೋಪಿಯನ್ನು ಸ್ಮಿತ್ಸೋನಿಯನ್ 2005ರಲ್ಲಿ ವಾಪಸ್ ಕೊಟ್ಟಿತು. ಆಮೇಲೆ ಕುಲದವರ ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿ ಮ್ಯೂಸಿಯಮ್ಮಿಗೆ ಒಂದು ಪ್ರತಿ ಕೆತ್ತಿಸಿಕೊಂಡಿತು. ಮೂಲ ಮನೆಗೆ, ನಕಲು ಮ್ಯೂಸಿಯಮ್ಮಿಗೆ. ನನಗೆ ಆ ಲೆಕ್ಕ ಇಷ್ಟವಾಯಿತು.

ಧಾರವಾಡ ದೀಪಾ

ಇನ್ನೊಂದು ಉಪಯೋಗ ಇದೆ, ನನಗೆ ಅದೇ ಆಸೆ. ಮೂಲಗಲ್ಲು ಒಂದು ಪೆಟ್ಟಿಗೆಯಲ್ಲಿ, ಅದರಿಂದ ಎದ್ದ ಅಲಗು ಇನ್ನೊಂದು ಊರಿನ ಪೆಟ್ಟಿಗೆಯಲ್ಲಿ ಇದ್ದರೂ ಪರದೆಯ ಮೇಲೆ ಮತ್ತೆ ಕೂಡಿಸಿ ನೋಡಬಹುದು. ಗುರುತಿಗೆ ಗುರುತು ಕೂತರೆ ಆ ಕಲ್ಲನ್ನು ಅಂದು ಯಾವ ಕ್ರಮದಲ್ಲಿ ಒಡೆದರು ಅಂತ ಹಿಂದಕ್ಕೆ ಓದುತ್ತಾ ಹೋಗಬಹುದು. ಆರ್ಕ್ಟಿಕ್ ಪ್ರಾಣಿಗಳ ಎಲುಬುಗಳಿಗೆ ಐಡಾಹೋ ಸ್ಟೇಟ್ ವಿಶ್ವವಿದ್ಯಾಲಯದವರು ಇಂಥ ತ್ರೀಡಿ ಸಂಗ್ರಹ ಮಾಡಿದ್ದರು. ಅಗೆದಾಗ ಸಿಕ್ಕ ಎಲುಬು ಯಾವ ಪ್ರಾಣಿಯದು ಅಂತ ದೂರದಲ್ಲಿ ಕೂತೇ ಹೋಲಿಸಲಿ ಅಂತ. ಕಲ್ಲಿಗೂ ಹಾಗೆ ಆಗಬೇಕು.

ಚೀಟಿಯ ಮಾತಿಗೆ ಒಂದು ಸೇರಿಸುತ್ತೇನೆ. ಉನಲಾಸ್ಕಾದಲ್ಲಿ ಹೊಸ ಸೇತುವೆಗೆ ಮೊದಲು, 2003ರಲ್ಲಿ, ಅಮಕ್ನಾಕ್ ಸೇತುವೆ ನೆಲೆಯನ್ನು ಅಗೆದರು. ಸುಮಾರು 3,000 ವರ್ಷ ಹಿಂದಿನ ಕಲ್ಲುಗೋಡೆಯ ಮನೆಗಳು ಸಿಕ್ಕವು. ಒಲೆ ಇತ್ತು, ನೆಲದಡಿಯಲ್ಲಿ ಕಲ್ಲು ಜೋಡಿಸಿದ ಕಾಲುವೆ ಇತ್ತು. ಹಿಮಕರಡಿಯ ಎಲುಬು ಸಿಕ್ಕಿತು, ಅಂದರೆ ಆಗ ಅಲ್ಲಿ ಈಗಿಗಿಂತ ಚಳಿ ಜಾಸ್ತಿ. ಒಂದು ಚಾಕು ಆ ಒಲೆಯ ಪಕ್ಕ ಇತ್ತಾ, ಗೋಡೆಯ ಹೊರಗೆ ಇತ್ತಾ ಅನ್ನುವುದರಲ್ಲಿ ಎಷ್ಟು ವ್ಯತ್ಯಾಸ ನೋಡಿ. ಆ ಜಾಗದ ಮೇಲೆ ಈಗ ಸೇತುವೆ ಇದೆ. ಮತ್ತೆ ಹೋಗಿ ನೋಡಲು ಆಗುವುದಿಲ್ಲ.

ಕೋಡ್ ಕಿರಣ

ಸರಿ, ನನ್ನ ಪಟ್ಟು ಸ್ವಲ್ಪ ಸಡಿಲ ಮಾಡುತ್ತೇನೆ. ಮೊದಲ ಪೂರ್ತಿ ಪ್ರತಿ ಉನಂಗನ್ನರಿಗೆ. ಅವರು ಒಪ್ಪಿದ್ದು ಎಲ್ಲರಿಗೂ ಓಪನ್. ಜಾಗದ ಗುರುತು ಮರೆ. ಆದರೆ ಒಂದು ಷರತ್ತು: ಅವರು ಒಪ್ಪಿದ ಮೇಲೂ ಮ್ಯೂಸಿಯಂ ಕಾಪಿರೈಟ್ ಅಂತ ತನ್ನ ಠಸ್ಸೆ ಒತ್ತಬಾರದು. ಕಲ್ಲು ಅವರದ್ದು, ಫೋಟೋ ತೆಗೆದ ಮಾತ್ರಕ್ಕೆ ನಮ್ಮದಾಗುವುದಿಲ್ಲ.

ಮೈಸೂರು ಮಂಜುಳಾ

ಈ ಷರತ್ತಿಗೆ ನನ್ನ ಸಹಿ.

ಪೀಣ್ಯ ಪ್ರಸಾದ್

ನನ್ನದೂ. ಕಿರಣ್ ಹೇಳಿದ ಮೂರರ ಜೊತೆ ಇನ್ನೊಂದು ಇರಲಿ: ಯಾವ ಯಂತ್ರ, ಎಷ್ಟು ಸೂಕ್ಷ್ಮ, ಸ್ಪ್ರೇ ಹೊಡೆದಿದೆಯಾ ಇಲ್ಲವಾ, ಎಲ್ಲೆಲ್ಲಿ ತೂತು ಮುಚ್ಚಿದ್ದೇವೆ ಅಂತ ಫೈಲ್ ಜೊತೆಯಲ್ಲೇ ಬರೆದಿಡುವುದು. ಸಾಫ್ಟ್‌ವೇರ್ ತಾನೇ ಊಹಿಸಿ ತುಂಬಿದ ಜಾಗವನ್ನು ನಾಳೆ ಯಾರೋ ಅಲ್ಯೂಟ್ ಬೇಟೆಗಾರನ ಕೆಲಸ ಅಂತ ಅಳೆಯಬಾರದು.

ಧಾರವಾಡ ದೀಪಾ

ಪ್ರಸಾದ್ ಸರ್, ನಮ್ಮ ವಿಭಾಗದಲ್ಲಿ ಕಲಿಯಲು ಅಂತ ನಾವೇ ಒಡೆದ ಚರ್ಟ್ ಕಲ್ಲಿನ ಅಲಗುಗಳಿವೆ. ಅವುಗಳ ಮೇಲೆ ಮೊಬೈಲ್ ಕ್ಯಾಮೆರಾದಲ್ಲೇ ಕೈ ಪಳಗಿಸೋಣ ಅಂದುಕೊಂಡಿದ್ದೇನೆ. ಅಳತೆಗೆ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟರೆ ಸಾಕಾ?

ಪೀಣ್ಯ ಪ್ರಸಾದ್

ಸ್ಟೀಲ್ ಬೇಡ, ಮಿಂಚುತ್ತದೆ. ಮ್ಯಾಟ್ ಹಾಳೆಯಲ್ಲಿ ಕಪ್ಪು ಬಿಳಿ ಚೌಕಗಳನ್ನು ಪ್ರಿಂಟ್ ತೆಗೆದು ದಪ್ಪ ರಟ್ಟಿಗೆ ಅಂಟಿಸಿ. ಪ್ರಿಂಟರನ್ನು ನಂಬಬೇಡಿ, ಚೌಕಗಳನ್ನು ವರ್ನಿಯರ್‌ನಲ್ಲಿ ಅಳೆದು ಆ ಅಳತೆಯನ್ನೇ ಸಾಫ್ಟ್‌ವೇರಿಗೆ ಕೊಡಿ. ಅಲಗನ್ನು ಮಲಗಿಸಬೇಡಿ, ರಬ್ಬರ್ ತುಂಡಿನಲ್ಲಿ ಸೀಳು ಮಾಡಿ ನೆಟ್ಟಗೆ ನಿಲ್ಲಿಸಿ, ಆಗ ಎರಡೂ ಮೈ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಆಮೇಲೆ ತಲೆಕೆಳಗು ಮಾಡಿ ಇನ್ನೊಂದು ಸುತ್ತು. ಫೋಟೋಗಳಿಂದ ತ್ರೀಡಿ ಮಾಡುವ ಮೆಶ್‌ರೂಮ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲೇ ಶುರು ಮಾಡಿ. ಅಂಚು ಹೇಗೆ ಬಂತು ಅಂತ ಇಲ್ಲಿ ಹಾಕಿ, ನೋಡೋಣ.